ಕೊರಿಯನ್ ಸೀರಿಯಲ್‌ಗಳಲ್ಲಿ ಐಡಲ್‌ಗಳ ಕಷ್ಟಕ್ಕೆ ಯಾವಾಗಲೂ ಒಬ್ಬ ವಿಲನ್ ಯಾಕೆ ಬೇಕು?

ಶಿರಾಗೇಟ್ ಟೈಲರ್, ತುಮಕೂರು

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ರೂಮೇ ಅಂಗಡಿ. ಮಗಳು ಒಂಬತ್ತನೇ ಕ್ಲಾಸು. ಅವಳ ದೆಸೆಯಿಂದ ನಮ್ಮ ಮನೆಗೆ ಕೊರಿಯನ್ ಸೀರಿಯಲ್ ಬಂದು ಸೇರಿಕೊಂಡಿದೆ. ಅವಳು ನೋಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೆಮ್ಮಿಂಗ್ ಮಾಡುತ್ತಾ, ಹುಕ್ಸ್ ಹಾಕುತ್ತಾ ಇರುತ್ತೇನೆ. ಸಬ್‌ಟೈಟಲ್ ಓದುತ್ತಾ ಕೂತರೆ ಸೂಜಿ ಬೆರಳಿಗೆ ಚುಚ್ಚುತ್ತದೆ, ಹಾಗಾಗಿ ಅವಳೇ ಕಥೆ ಹೇಳುತ್ತಾ ಹೋಗುತ್ತಾಳೆ.

ಅದರಲ್ಲೂ ಅವಳಿಗೆ ಐಡಲ್‌ಗಳ ಕಥೆಯೇ ಆಗಬೇಕು. ಐಡಲ್ ಅಂದರೆ ಸುಮ್ನೆ ಹಾಡುಗಾರರಲ್ಲ. ಕಂಪನಿಯವರು ಎಳೆ ವಯಸ್ಸಿನಲ್ಲೇ ಆರಿಸಿಕೊಂಡು, ವರ್ಷಗಟ್ಟಲೆ ಹಾಡು ಕುಣಿತ ಕಲಿಸಿ, ಗುಂಪು ಕಟ್ಟಿ ಸ್ಟೇಜಿಗೆ ಬಿಡುವ ಹುಡುಗ ಹುಡುಗಿಯರು.

ಈಗ ನನ್ನ ಪ್ರಶ್ನೆ. ಕಥೆ ಬಿಟ್ಟುಕೊಡುತ್ತೇನೆ, ಇನ್ನೂ ನೋಡದವರು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ. 2024ರಲ್ಲಿ ಬಂದ ‘ಲವ್ಲಿ ರನ್ನರ್’ ಅನ್ನು ಮಗಳು ಎರಡು ಸಲ ನೋಡಿದಳು. ಸೊನ್‌ಜೆ ಅಂತ ದೊಡ್ಡ ಸ್ಟಾರ್. ಮೊದಲ ಕಂತಿನಲ್ಲೇ ಸಾಯುತ್ತಾನೆ. ಬೇಸತ್ತು ತಾನೇ ಪ್ರಾಣ ಕಳೆದುಕೊಂಡ ಅನ್ನುವ ಹಾಗೆ ಸುದ್ದಿ ಬರುತ್ತದೆ. ಅವನ ಅಭಿಮಾನಿ ಹುಡುಗಿ ಕಾಲದಲ್ಲಿ ಹಿಂದಕ್ಕೆ ಹೋಗಿ ಅವನನ್ನು ಉಳಿಸಲು ಒದ್ದಾಡುತ್ತಾಳೆ. ಆ ಮೊದಲ ಕಂತು ನೋಡುವಾಗ ನಾನು ಕತ್ತರಿ ಕೆಳಗಿಟ್ಟು ಕೂತೆ. ಇಷ್ಟೆಲ್ಲ ಇರುವ ಹುಡುಗ ಯಾಕೆ ಹೀಗಾದ, ಈಗ ಹೇಳುತ್ತಾರೆ ಅಂತ ಕಾದೆ. ಹೇಳಲೇ ಇಲ್ಲ. ಹೋಗ್ತಾ ಹೋಗ್ತಾ ಒಬ್ಬ ಕೊಲೆಗಾರ ಟ್ಯಾಕ್ಸಿ ಡ್ರೈವರ್ ಬರುತ್ತಾನೆ, ಕೇಡೆಲ್ಲ ಅವನ ತಲೆಗೆ ಹೋಗುತ್ತದೆ. ಹುಡುಗನ ಆಯಾಸ ಎಲ್ಲಿ ಹೋಯಿತು? ಆ ಡ್ರೈವರ್‌ನನ್ನು ಹಿಡಿದರೆ ಆಯಾಸವೂ ಹೋಯಿತಾ?

ಇದರ ಜೊತೆಗೆ ‘ದೂನಾ!’ ಅಂತ ಒಂದು ನೋಡಿದೆವು. 2023ರದ್ದು, ಒಂಬತ್ತೇ ಕಂತು. ಸೂಜಿ ಅನ್ನುವ ನಟಿ, ಐಡಲ್ ಕೆಲಸ ಬಿಟ್ಟು ಓಡಿಬಂದ ಹುಡುಗಿಯಾಗಿ ಮಾಡಿದ್ದಾಳೆ. ಕಾಲೇಜು ಹುಡುಗರ ಬಾಡಿಗೆ ಮನೆಯಲ್ಲಿ ಇರುತ್ತಾಳೆ. ಬಾಗಿಲ ಮುಂದೆ ಕೂತು ಸಿಗರೇಟ್ ಸೇದುತ್ತಾಳೆ. ಹೊಸದಾಗಿ ಬಂದ ಹುಡುಗನನ್ನು ನೋಡಿದ ತಕ್ಷಣ, ಇವನು ನನ್ನ ಬೆನ್ನು ಹತ್ತಿ ಬಂದವನೇ ಇರಬೇಕು ಅಂದುಕೊಳ್ಳುತ್ತಾಳೆ. ಅಷ್ಟೇ. ಕೊಲೆಯಿಲ್ಲ, ಅಪಹರಣವಿಲ್ಲ. ಮಗಳು “ಇದರಲ್ಲಿ ಏನೂ ಆಗೋದೇ ಇಲ್ಲಮ್ಮಾ” ಅಂತ ಎದ್ದು ಹೋದಳು. ನಾನು ಮಾತ್ರ ಕೊನೆಯವರೆಗೂ ನೋಡಿದೆ.

ನಿಜ ಯಾವುದಕ್ಕೆ ಹತ್ತಿರ? ಈ ಸೀರಿಯಲ್‌ಗಳು ಏನನ್ನು ತೋರಿಸುತ್ತವೆ, ಏನನ್ನು ಬಚ್ಚಿಡುತ್ತವೆ? ಮಗಳನ್ನು ಹೇಗೆ ಬೆಳೆಸಬೇಕು ಅಂತ ಮಾತ್ರ ಹೇಳಬೇಡಿ. ಅದನ್ನು ಹೇಳುವವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಆಂಟಿ, ನಾನು ಡಿಗ್ರಿ ಫೈನಲ್ ಇಯರ್. ಏಳನೇ ಕ್ಲಾಸಿನಿಂದ ಕೆ-ಪಾಪ್ ಹುಚ್ಚು. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಬೈಬೇಡಿ.

ಬಚ್ಚಿಡುವುದರಲ್ಲಿ ಮೊದಲನೆಯದು ಸಾಲ. ಕಂಪನಿ ತರಬೇತಿಗೆ, ಊಟಕ್ಕೆ, ರೂಮಿಗೆ, ವೀಡಿಯೊಗೆ ಹಾಕಿದ ದುಡ್ಡನ್ನು ಎಷ್ಟೋ ಕಡೆ ಆಮೇಲೆ ಐಡಲ್‌ಗಳ ಸಂಪಾದನೆಯಿಂದಲೇ ಮುರಿದುಕೊಳ್ಳುತ್ತಾರೆ. ಹಾಡು ಓಡದಿದ್ದರೆ ವರ್ಷಗಟ್ಟಲೆ ಕುಣಿದರೂ ಕೈಗೆ ಕಾಸಿಲ್ಲ. ಈಗ 2011ರ ‘ಡ್ರೀಮ್ ಹೈ’ ತಗೊಳ್ಳಿ. ಅದೇ ಸೂಜಿಯ ಮೊದಲ ಸೀರಿಯಲ್. ಅದರಲ್ಲೂ ಸಾಲ ಇದೆ, ಸಾಲದ ಒತ್ತಡಕ್ಕೇ ಹುಡುಗಿ ಹಾಡಿನ ಸ್ಕೂಲಿಗೆ ಸೇರುತ್ತಾಳೆ. ಆದರೆ ಸಾಲ ಮಾಡಿದವನು ಯಾರು? ಅವಳ ಅಪ್ಪ! ಕೇಳಲು ಬರುವವನು ಬಡ್ಡಿ ಸಾಹುಕಾರ. ಐಡಲ್ ಕಂಪನಿಗೂ ಸಾಲಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ವಿಷಯ ಗೊತ್ತಾ, ಆ ಸೀರಿಯಲ್ ತೆಗೆಯುವುದರಲ್ಲಿ ಜೆವೈಪಿ ಅನ್ನುವ ಐಡಲ್ ಕಂಪನಿಯೂ ಪಾಲುದಾರ. ಅದರ ಯಜಮಾನರು ಒಳ್ಳೆಯ ಮೇಷ್ಟ್ರ ಪಾತ್ರವನ್ನೂ ಮಾಡಿದ್ದಾರೆ. ಸೂಜಿ ಆಗ ಅವರದೇ ಕಂಪನಿಯ ಹುಡುಗಿ, 2010ರಲ್ಲಿ ಹದಿನೈದನೇ ವಯಸ್ಸಿಗೆ ‘ಮಿಸ್ ಎ’ ಗುಂಪಿನಲ್ಲಿ ಸ್ಟೇಜಿಗೆ ಬಂದವಳು. ಆ ಗುಂಪು 2017ರಲ್ಲಿ ಮುಗಿಯಿತು. ‘ದೂನಾ!’ ನೋಡುವಾಗ ನಿಮಗೆ ಏನೋ ನಿಜ ಅನ್ನಿಸಿದ್ದರೆ ಅದಕ್ಕೂ ಇದಕ್ಕೂ ಸಂಬಂಧ ಇರಬಹುದು.

ಎರಡನೆಯದು ಪ್ರೀತಿ. ಸೀರಿಯಲ್‌ನಲ್ಲಿ ಐಡಲ್‌ನ ಎಲ್ಲ ಕಾಯಿಲೆಗೂ ಪ್ರೀತಿಯೇ ಮದ್ದು. ನಿಜದಲ್ಲಿ ಪ್ರೀತಿಯೇ ಅಪರಾಧ. 2024ರಲ್ಲಿ ‘ಎಸ್ಪಾ’ ಗುಂಪಿನ ಕರೀನಾ ಒಬ್ಬ ನಟನ ಜೊತೆ ಓಡಾಡುತ್ತಿದ್ದಾಳೆ ಅಂತ ಸುದ್ದಿ ಬಂತು. ಅಭಿಮಾನಿಗಳು ಕಂಪನಿ ಮುಂದೆ ಲಾರಿಯ ಮೇಲೆ ಅವಳನ್ನು ದೂರುವ ಎಲೆಕ್ಟ್ರಾನಿಕ್ ಬೋರ್ಡ್ ಕಟ್ಟಿಸಿ ನಿಲ್ಲಿಸಿದರು. ಅವಳು ಕೈಯಾರೆ ಕ್ಷಮಾಪಣೆ ಪತ್ರ ಬರೆದು ಹಾಕಿದಳು. ಇಪ್ಪತ್ತು ದಾಟಿದ ಹುಡುಗಿ ಒಬ್ಬನನ್ನು ಇಷ್ಟಪಟ್ಟಿದ್ದಕ್ಕೆ ಕ್ಷಮೆ! ಕೆಲವೇ ವಾರದಲ್ಲಿ ಅವರಿಬ್ಬರೂ ದೂರವಾದ ಸುದ್ದಿಯೂ ಬಂತು. ಇದನ್ನು ಹೀಗೇ ತೆಗೆದರೆ ಯಾವ ಪ್ರೇಮಕಥೆ ನಿಲ್ಲುತ್ತದೆ ಹೇಳಿ.

ಮೂರನೆಯದು ನಾವು. ಅಂದರೆ ನನ್ನಂಥವರು. ಸೀರಿಯಲ್‌ನಲ್ಲಿ ಒಬ್ಬ ಹುಚ್ಚು ಅಭಿಮಾನಿ ಇರುತ್ತಾನೆ, ಕಪ್ಪು ಟೋಪಿ ಹಾಕಿಕೊಂಡು ಹಿಂದೆ ಬರುತ್ತಾನೆ. ಅವನೊಬ್ಬ ಕೆಟ್ಟವನು, ಮಿಕ್ಕವರೆಲ್ಲ ಬಂಗಾರ. ಆದರೆ ಮೊದಲ ವಾರದಲ್ಲಿ ಎಷ್ಟು ಆಲ್ಬಂ ಹೋಯಿತು ಅಂತ ಲೆಕ್ಕ ಇಡುವವರು ನಾವು. ಆಲ್ಬಂ ಕೊಂಡವರಲ್ಲಿ ಲಾಟರಿ ಎತ್ತಿ ಕೆಲವರಿಗೆ ಐಡಲ್‌ಗಳ ಕೈಯಿಂದ ಸಹಿ ಹಾಕಿಸಿಕೊಡುತ್ತಾರೆ, ಅದಕ್ಕಾಗಿ ಒಂದೇ ಆಲ್ಬಂ ರಾಶಿ ರಾಶಿ ಕೊಳ್ಳುವವರೂ ಇದ್ದಾರೆ. “ಈ ಸಲ ದಪ್ಪ ಆಗಿದ್ದಾಳೆ” ಅಂತ ಕಾಮೆಂಟ್ ಹಾಕುವವರಲ್ಲಿ ಹುಚ್ಚರು ಕಡಿಮೆ, ಸಾಮಾನ್ಯರೇ ಜಾಸ್ತಿ. ಸುಲ್ಲಿ ಅಂತ ಒಬ್ಬ ಐಡಲ್ ಇದ್ದರು, ವರ್ಷಗಟ್ಟಲೆ ಇಂಥ ಕೆಟ್ಟ ಕಾಮೆಂಟ್‌ಗಳನ್ನು ಸಹಿಸಿದವರು, 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ತಿಂಗಳ ಕೊನೆಗೆ ‘ದೌಮ್’ ವೆಬ್‌ಸೈಟ್ ಮನರಂಜನೆ ಸುದ್ದಿಗಳ ಕೆಳಗೆ ಕಾಮೆಂಟನ್ನೇ ನಿಲ್ಲಿಸಿತು. 2020ರ ಮಾರ್ಚ್‌ನಲ್ಲಿ ‘ನೇವರ್’ ಕೂಡ ನಿಲ್ಲಿಸಿತು. ಒಬ್ಬಿಬ್ಬರು ಹುಚ್ಚರ ಕಾಟ ಆಗಿದ್ದರೆ ದೇಶದ ದೊಡ್ಡ ವೆಬ್‌ಸೈಟ್‌ಗಳು ಪೆಟ್ಟಿಗೆಯನ್ನೇ ಮುಚ್ಚುತ್ತಿದ್ದವಾ?

ನಿಮಗೆ ‘ದೂನಾ!’ ಹಿಡಿಸಿದ್ದರೆ ‘ಐಡಲ್: ದ ಕೂ’ ನೋಡಿ. 2021ರದ್ದು, 12 ಕಂತು. ‘ಕಾಟನ್ ಕ್ಯಾಂಡಿ’ ಅನ್ನುವ ಸೋತ ಗುಂಪಿನ ಕಥೆ. ಗೆಲ್ಲಬೇಕು ಅಂತಲ್ಲ, ಗುಂಪನ್ನು ಮರ್ಯಾದೆಯಾಗಿ ಮುಗಿಸಬೇಕು ಅಂತ ಅವರ ಹೋರಾಟ. ಲೀಡರ್ ಪಾತ್ರ ಮಾಡಿದ ಹಾನಿ ಅನ್ನುವ ನಟಿ ಸ್ವತಃ ‘ಇಎಕ್ಸ್‌ಐಡಿ’ ಗುಂಪಿನವರು. 2014ರ ಆಗಸ್ಟ್‌ನಲ್ಲಿ ಅವರ ಹಾಡೊಂದು ಬಂದು ಬಿದ್ದುಹೋಗಿತ್ತು. ಅಕ್ಟೋಬರ್‌ನಲ್ಲಿ ಯಾರೋ ಅಭಿಮಾನಿ ಹಾನಿಯೊಬ್ಬರನ್ನೇ ಹಿಡಿದು ತೆಗೆದ ವೀಡಿಯೊ ಹಬ್ಬಿತು, ಸತ್ತ ಹಾಡು ಎದ್ದು ಪಟ್ಟಿಯ ಮೇಲಕ್ಕೆ ಹೋಯಿತು. ಆ ವೀಡಿಯೊ ಹಬ್ಬದೇ ಇದ್ದಿದ್ದರೆ ಏನಾಗುತ್ತಿತ್ತೋ, ಅದೇ ಈ ಸೀರಿಯಲ್‌ನ ಕಥೆ ಅನ್ನಿ.

ಕೀಬೋರ್ಡ್ ಅಣ್ಣ, ಎಸ್.ಎಸ್. ಪುರಂ, ತುಮಕೂರು

ಟೈಲರ್ ಅಕ್ಕಾ, ನಿಮ್ಮ ಪ್ರಶ್ನೆ ನೋಡಿ ಬರೆಯದೇ ಇರಲು ಆಗಲಿಲ್ಲ. ನಾನು ಕೊರಿಯನ್ ಸೀರಿಯಲ್ ನೋಡುವುದು ಹೆಂಡತಿ ಜೊತೆ. ಹೊಟ್ಟೆಪಾಡು ಬೇರೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ, ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ. ಗಣಪತಿಯಿಂದ ರಾಜ್ಯೋತ್ಸವ ಮುಗಿಯುವವರೆಗೆ ನಮ್ಮ ಸೀಸನ್. ಗುಬ್ಬಿ, ತಿಪಟೂರು, ಕುಣಿಗಲ್, ಮಧುಗಿರಿ, ಪಾವಗಡ, ಎಲ್ಲಿ ಪೆಂಡಾಲ್ ಹಾಕಿದರೆ ಅಲ್ಲಿ.

ಒಂದು ವರ್ಷ ನಮ್ಮ ಟ್ರೂಪಿಗೆ ಒಬ್ಬ ಪುಟ್ಟ ಹುಡುಗಿ ಬಂದಳು. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಫೈನಲ್ ತನಕ ಹೋಗಿದ್ದವಳು. ಚಾನೆಲ್ ಹೆಸರು ಬೇಡ. ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬೇಕು. ಕಂಠ ಅಂದರೆ ಕಂಠ, ಹಾಡಿನ ಕಷ್ಟದ ತಿರುವುಗಳನ್ನೂ ನಗುನಗುತ್ತಾ ಹಾಡುತ್ತಿದ್ದಳು. ಫ್ಲೆಕ್ಸಿನಲ್ಲಿ ಅವಳ ಫೋಟೊ ಎಲ್ಲರಿಗಿಂತ ದೊಡ್ಡದು. ಅವಳ ಹೆಸರಿದ್ದರೆ ನಮ್ಮ ಪೇಮೆಂಟೂ ಒಂದು ಕೈ ಜಾಸ್ತಿ. ಸುಳ್ಳು ಯಾಕೆ ಹೇಳಲಿ.

ಇಲ್ಲಿ ಗಮನಿಸಿ, ಆ ಕಥೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವಳ ಅಪ್ಪ ದೇವರಂಥ ಮನುಷ್ಯ. ಇದ್ದ ಕೆಲಸ ಬಿಟ್ಟು ಮಗಳ ಹಿಂದೆ ಓಡಾಡುತ್ತಿದ್ದರು. ಅವಳು ನಿದ್ದೆ ಹೋದರೆ ಟೆಂಪೊ ಟ್ರಾವೆಲರ್‌ನಲ್ಲಿ ತಮ್ಮ ತೊಡೆಯನ್ನೇ ದಿಂಬು ಮಾಡಿ ಕೂರುತ್ತಿದ್ದರು. ಸಂಘದ ಹುಡುಗರು ಒಳ್ಳೆಯವರು. ಊರಿನ ಹೆಂಗಸರು ಕಡುಬು, ಕೋಸಂಬರಿ ತಂದು “ತಿನ್ನು ಪುಟ್ಟಾ” ಅಂತ ಬಾಯಿಗೇ ಇಡುತ್ತಿದ್ದರು. ಹಾಡುವ ಮುಂಚೆ ತಿನ್ನಬಾರದು, ಬೇಡ ಅಂದರೆ ಅವರಿಗೆ ಬೇಜಾರು. ಪ್ರೋಗ್ರಾಂ ಮುಗಿದು ಹನ್ನೊಂದೂವರೆಗೆ ಕೆಳಗೆ ಇಳಿದರೆ ಫೋಟೊಗೆ ಸಾಲು. ಒಬ್ಬರ ಜೊತೆ ನಿಂತು ಇನ್ನೊಬ್ಬರಿಗೆ ಇಲ್ಲ ಅಂದರೆ “ಟಿವಿಗೆ ಬಂದ ಮೇಲೆ ಕೊಬ್ಬು” ಅನ್ನುವ ಮಾತು. ಅದನ್ನು ಅಂದವರೂ ಕೆಟ್ಟವರಲ್ಲ, ಮಗುವನ್ನು ಎತ್ತಿಕೊಂಡು ಗಂಟೆಗಟ್ಟಲೆ ಕಾದು ನಿಂತಿದ್ದವರು.

ಎಲ್ಲ ಕಡೆ ಅದೇ ಹಾಡು ಬೇಕು. ಟಿವಿಯಲ್ಲಿ ಹಾಡಿದ್ದು, ಅದೇ ಫ್ರಾಕ್‌ನಲ್ಲಿ. ಫ್ರಾಕ್ ಗಿಡ್ಡವಾಗುತ್ತಾ ಬಂತು, ಅಂಚು ಬಿಚ್ಚಿ ಬಿಚ್ಚಿ ಹೊಲಿಸಿದರು. ನವೆಂಬರ್ ಹೊತ್ತಿಗೆ ಗಂಟಲು ಕೂತಿತು. ಡಾಕ್ಟರು ಒಂದಷ್ಟು ದಿನ ಮಾತೇ ಆಡಬೇಡ ಅಂದರು. ಆದರೆ ರಾಜ್ಯೋತ್ಸವದ ಅಡ್ವಾನ್ಸ್‌ಗಳೆಲ್ಲ ಬಂದಿದ್ದವು, ಖರ್ಚೂ ಆಗಿದ್ದವು. ಟ್ರ್ಯಾಕ್ ಹಾಕಿದೆವು. ಅವಳದೇ ಹಳೆಯ ದನಿ ಸ್ಪೀಕರಿನಲ್ಲಿ, ಅವಳು ತುಟಿ ಆಡಿಸಿದಳು. ಜನ ಶಿಳ್ಳೆ ಹೊಡೆದರು. ಅವಳು ಹಿಂದೆ ತಿರುಗಿ ನನ್ನನ್ನು ನೋಡಿದಳು, ಅಳುತ್ತಿರಲಿಲ್ಲ. ಕೀಬೋರ್ಡ್‌ನಲ್ಲಿ ನಾನೂ ಸುಮ್ನೆ ಕೈ ಆಡಿಸುತ್ತಿದ್ದೆನಲ್ಲ, ಅದನ್ನು ನೋಡಿ ನಕ್ಕಳು.

ಮುಂದಿನ ವರ್ಷ ಸ್ಪರ್ಧೆಯ ಹೊಸ ಸೀಸನ್ ಬಂತು, ಹೊಸ ಮಗು ಬಂತು. ಈ ಹುಡುಗಿಗೆ ಫೋನ್ ಕಡಿಮೆಯಾಯಿತು. ಈಗ ಓದು ಮುಗಿಸಿ ಕೆಲಸದಲ್ಲಿದ್ದಾಳೆ, ಆರಾಮಾಗಿದ್ದಾಳೆ. ಸ್ಟೇಜ್ ಹತ್ತಲ್ಲ ಅಷ್ಟೇ.

ಈಗ ಇದನ್ನು ಯಾರಾದರೂ ಸೀರಿಯಲ್ ಮಾಡಿದರೆ ಏನು ಮಾಡುತ್ತಾರೆ ಗೊತ್ತಾ? ಮೊದಲು ಅಪ್ಪನನ್ನು ಕುಡುಕ ಮಾಡುತ್ತಾರೆ. ಆಮೇಲೆ ಎದುರು ಟ್ರೂಪಿನ ಹುಡುಗಿ ಹಾಲಿಗೆ ಏನೋ ಬೆರೆಸುತ್ತಾಳೆ. ಗಂಟಲು ಕೂರಲು ಅದು ಕಾರಣ! ಸತತ ಹಾಡಿದರೆ ಗಂಟಲು ಕೂರುತ್ತದೆ ಅನ್ನುವುದನ್ನು ಮೂರು ವಾರ ಎಳೆಯಲು ಆಗಲ್ಲವಲ್ಲ.

ಕೊರಿಯಾದವರದ್ದೂ ಅದೇ ಲೆಕ್ಕ ಅಂತ ನನಗೆ ಅನ್ನಿಸುತ್ತದೆ. ‘ಲವ್ಲಿ ರನ್ನರ್’ 16 ಕಂತು, ಒಂದೊಂದೂ ಗಂಟೆಗಿಂತ ಉದ್ದ. ಪ್ರತಿ ಕಂತಿನ ಕೊನೆಗೂ ಜನ ಕುರ್ಚಿ ತುದಿಗೆ ಬರಬೇಕು. ನಿದ್ದೆ ಇಲ್ಲದ ಹುಡುಗನನ್ನು ಕುರ್ಚಿ ತುದಿಗೆ ತರಿಸುವ ಹಾಗೆ ತೋರಿಸುವುದು ಹೇಗೆ? ಚಾಕು ಹಿಡಿದವನು ಬಂದರೆ ಸುಲಭ. ಅವನನ್ನು ಹದಿನಾರನೇ ಕಂತಿಗೆ ಮುಗಿಸಲೂಬಹುದು. ಆಯಾಸವನ್ನು ಯಾವ ಪೊಲೀಸ್ ಹಿಡಿಯುತ್ತಾನೆ?

ಇನ್ನೊಂದು ಕಡೆಯಿಂದಲೂ ನೋಡಿ. ‘ಡ್ರೀಮ್ ಹೈ’ ಹಾಕಿದ್ದು ಕೆಬಿಎಸ್. ಪ್ರತಿ ಶುಕ್ರವಾರ ಐಡಲ್‌ಗಳನ್ನು ಕುಣಿಸಿ ಪಟ್ಟಿ ಮಾಡುವ ‘ಮ್ಯೂಸಿಕ್ ಬ್ಯಾಂಕ್’ ಕೂಡ ಅವರದೇ. ‘ಲವ್ಲಿ ರನ್ನರ್’ ಹಾಕಿದ ಟಿವಿಎನ್, ಹಾಡಿನ ಸ್ಪರ್ಧೆಗಳಿಗೇ ಹೆಸರಾದ ಎಂನೆಟ್, ಎರಡೂ ಸಿಜೆ ಅನ್ನುವ ಒಂದೇ ಮನೆಯವು. ತಮ್ಮ ಅಂಗಡಿಯ ಸರಕನ್ನೇ ಬೈಯಲು ಅವರು ಎಷ್ಟು ದೂರ ಹೋದಾರು? ಒಬ್ಬ ಕೆಟ್ಟ ಮ್ಯಾನೇಜರನನ್ನು ಬೈದು ಮುಗಿಸುತ್ತಾರೆ. ಅವನನ್ನು ಕೆಲಸದಿಂದ ತೆಗೆದರೆ ಕಂಪನಿ ಶುದ್ಧ.

ಅದಕ್ಕೇ ‘ದೂನಾ!’ ನನಗೂ ಹಿಡಿಸಿತು ಅಕ್ಕಾ. ನಿಮ್ಮ ಮಗಳು ಏನೂ ಆಗಲ್ಲ ಅಂದಳಲ್ಲ, ಸ್ಟೇಜಿನಿಂದ ಇಳಿದವರ ದಿನ ಹಾಗೇ ಇರುತ್ತದೆ. ಆ ಹುಡುಗಿ ಮ್ಯಾನೇಜರ್ ಫೋನ್ ಮಾಡಲಿ ಅಂತ ಕಾಯುತ್ತಾಳೆ, ಅವನನ್ನು ಬಿಟ್ಟು ಓಡಿಬಂದವಳೇ! ನಾನು ಇದನ್ನು ಕಂಡಿದ್ದೇನೆ. ಪ್ರೋಗ್ರಾಂ ಸಾಕು ಸಾಕು ಅನ್ನುವವರು, ಸೀಸನ್ ಶುರುವಾಗಿ ಫೋನ್ ಬರದಿದ್ದರೆ ಊಟ ಬಿಡುತ್ತಾರೆ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಸೆಕೆಂಡ್ ಶಿಫ್ಟ್, ಕೋಲಾರ

ಎಲ್ಲರೂ ಅತ್ತಿದ್ದಾಯಿತು, ನಾನು ಸ್ವಲ್ಪ ಜಗಳ ಆಡುತ್ತೇನೆ.

ನಾನು ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೈನ್ ಮೇಲೆ ಕೆಲಸ ಮಾಡುವವನು. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಬರುವಾಗ ಅಕ್ಕಪಕ್ಕದ ಹುಡುಗಿಯರೆಲ್ಲ ಇದೇ ಸೀರಿಯಲ್ ನೋಡುತ್ತಿರುತ್ತಾರೆ. ಅವರ ಕಾಲು ಊದಿರುತ್ತದೆ. ಆದರೆ ಅಳುವುದು ಸೋಲ್‌ನಲ್ಲಿ ದೊಡ್ಡ ಮನೆಯಲ್ಲಿರುವ ಸೊನ್‌ಜೆಗೆ. ನಮ್ಮ ಆಯಾಸಕ್ಕೆ ಹದಿನಾರು ಕಂತು ಯಾರೂ ಮಾಡಿಲ್ಲ ಬಿಡಿ.

ಕೀಬೋರ್ಡ್ ಅಣ್ಣ, ನಿಮ್ಮ ಕಥೆ ಚೆನ್ನಾಗಿದೆ, ಆದರೆ “ಕೆಟ್ಟವರು ಯಾರೂ ಇರಲಿಲ್ಲ” ಅನ್ನುವ ಮಾತು ನನಗೆ ಸೇರಲಿಲ್ಲ. ಎಲ್ಲರೂ ಒಳ್ಳೆಯವರು ಅಂದರೆ ಯಾರನ್ನೂ ಕೇಳುವ ಹಾಗಿಲ್ಲ ಅಂತ ಆಯಿತು. ಬಾಲ ಕಾರ್ಮಿಕ ಕಾನೂನಿನ ನಿಯಮಗಳಿಗೆ 2017ರಲ್ಲಿ ತಿದ್ದುಪಡಿ ಬಂದಿದೆ. ಮಗು ಕಲಾವಿದರಾದರೆ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಮೂರು ಗಂಟೆಗೆ ಒಂದು ಬಿಡುವು ಕೊಡಲೇಬೇಕು. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಇಡಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಆ ಹುಡುಗಿಯ ಹೆಸರಲ್ಲಿ ಯಾರಾದರೂ ಠೇವಣಿ ಇಟ್ಟಿದ್ದರಾ? ಪೆಂಡಾಲಿನಲ್ಲಿ ಯಾರಾದರೂ ಗಡಿಯಾರ ನೋಡಿದ್ದರಾ? ನಿಮ್ಮನ್ನು ಬೈಯುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ.

ಕೊರಿಯಾದಲ್ಲೂ ಕಾಗದ ಇದೆ. ಮೂರು ಜನ ಹುಡುಗರು 13 ವರ್ಷದ ಕರಾರಿನ ವಿರುದ್ಧ 2009ರಲ್ಲಿ ತಮ್ಮ ಕಂಪನಿ ಮೇಲೆ ಕೇಸು ಹಾಕಿದರು, ಟಿವಿಎಕ್ಸ್‌ಕ್ಯು ಗುಂಪಿನವರು. ಆ ವರ್ಷವೇ ಸರ್ಕಾರದ ಫೇರ್ ಟ್ರೇಡ್ ಕಮಿಷನ್ ಮಾದರಿ ಕರಾರು ಮಾಡಿ ಏಳು ವರ್ಷಕ್ಕೆ ಮಿತಿ ಹಾಕಿತು. ಎಷ್ಟೋ ಗುಂಪುಗಳು ಏಳನೇ ವರ್ಷಕ್ಕೆ ಒಡೆಯುವುದು ಅಭಿಮಾನಿಗಳು ಹೇಳುವ ಹಾಗೆ ಶಾಪದಿಂದಲ್ಲ, ಕರಾರು ಮುಗಿಯುವುದರಿಂದ. 2014ರ ಇನ್ನೊಂದು ಕಾನೂನಿನಲ್ಲಿ 15 ವರ್ಷದೊಳಗಿನವರಿಗೆ ವಾರಕ್ಕೆ 35 ಗಂಟೆ ಅಂತ ಗೆರೆ ಎಳೆದಿದ್ದಾರೆ.

ಆದರೂ 2024ರಲ್ಲಿ ಏನಾಯಿತು ನೋಡಿ. ‘ನ್ಯೂಜೀನ್ಸ್’ ಗುಂಪಿನ ಹಾನ್ನಿ ಅಕ್ಟೋಬರ್‌ನಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಸಮಿತಿ ಮುಂದೆ ಕೂತು, ಕೆಲಸದ ಜಾಗದಲ್ಲಿ ನನಗೆ ಕಿರುಕುಳ ಆಯಿತು ಅಂತ ಹೇಳಿದಳು. ನವೆಂಬರ್‌ನಲ್ಲಿ ಕಾರ್ಮಿಕ ಇಲಾಖೆಯ ಉತ್ತರ ಬಂತು: ಕಾರ್ಮಿಕ ಕಾನೂನಿನ ಪ್ರಕಾರ ನೀನು ಕಾರ್ಮಿಕಳೇ ಅಲ್ಲ. ದೂರು ಮುಚ್ಚಿದರು. ಲಕ್ಷಾಂತರ ಜನ ಹೆಸರು ಕೂಗುವ ಹುಡುಗಿ, ಕಾನೂನಿನ ಪುಸ್ತಕದಲ್ಲಿ ನನ್ನಷ್ಟೂ ಇಲ್ಲ. ನನಗೆ ಇಎಸ್‌ಐ ಇದೆ, ಪಿಎಫ್ ಇದೆ, ಓಟಿ ಬರದಿದ್ದರೆ ಕೇಳಲು ಒಂದು ಜಾಗವಾದರೂ ಇದೆ. ಇದನ್ನು ಓದಿದ ದಿನ ಬಸ್ಸಿನ ಹುಡುಗಿಯರಿಗೂ ಹೇಳಿದೆ. ಒಬ್ಬಳು, “ಅಣ್ಣಾ, ಹಾಗಾದ್ರೆ ಅವಳಿಗೂ ಯೂನಿಯನ್ ಇಲ್ವಾ?” ಅಂದಳು.

ನನ್ನ ಉತ್ತರ ಇಷ್ಟೇ ಟೈಲರ್ ಅಕ್ಕಾ. ಸೀರಿಯಲ್ ಬಚ್ಚಿಡುವುದು ಸಂಬಳದ ಚೀಟಿಯನ್ನು. ವಿಲನ್ ಬೇಕಿದ್ದರೆ ಇರಲಿ, ಆದರೆ ಅವನ ಕೈಗೆ ಚಾಕು ಬೇಡ, ಕರಾರು ಕೊಡಿ.

ಶಿರಾಗೇಟ್ ಟೈಲರ್, ತುಮಕೂರು

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಶಿಫ್ಟ್ ತಮ್ಮಾ, ದುಡ್ಡಿದ್ದವರಿಗೆ ಅಳಬಾರದು ಅನ್ನುವುದನ್ನು ನಾನು ಒಪ್ಪಲ್ಲ. ಕರಾರಿನ ಮಾತು ಒಪ್ಪುತ್ತೇನೆ. ಆದರೆ ಕರಾರಿನಲ್ಲಿ ಬರೆಯದೇ ಇರುವುದೂ ಇದೆ.

ನನ್ನ ಕಣ್ಣು ಮೊದಲು ಹೋಗುವುದು ಬಟ್ಟೆಗೆ. ಆ ಸ್ಟೇಜ್ ಡ್ರೆಸ್‌ಗಳನ್ನು ನೋಡಿದರೆ ನನಗೆ ಗೊತ್ತಾಗುತ್ತದೆ. ಸೀಮ್‌ನಲ್ಲಿ ಮಾರ್ಜಿನ್ ಇಲ್ಲ. ನಾನು ಬ್ಲೌಸ್ ಹೊಲಿದರೆ ಎರಡೂ ಪಕ್ಕ ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತೇನೆ, ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. ಆ ಡ್ರೆಸ್‌ಗಳು ಉಸಿರು ಬಿಟ್ಟರೂ ಎಳೆಯುವ ಹಾಗಿವೆ. ಅದನ್ನು ಹಾಕಿಕೊಂಡು ಮೂರು ನಿಮಿಷ ಹಾರಿ ಕುಣಿದು, ಮುಖದಲ್ಲಿ ನಗು ಇಟ್ಟುಕೊಳ್ಳಬೇಕು. ಸೀರಿಯಲ್‌ನಲ್ಲಿ ಊಟದ ಕಷ್ಟ ಬಂದರೆ ತಮಾಷೆಯಾಗಿ ಬರುತ್ತದೆ. ಹುಡುಗಿ ಕದ್ದು ನೂಡಲ್ಸ್ ತಿನ್ನುತ್ತಾಳೆ, ಮ್ಯಾನೇಜರ್ ಬಟ್ಟಲು ಕಿತ್ತುಕೊಳ್ಳುತ್ತಾನೆ, ನಾವು ನಗಬೇಕು. ನನಗೆ ನಗು ಬರಲ್ಲ.

ಯಾಕೆ ಅಂದರೆ ಇಲ್ಲೂ ನೋಡಿದ್ದೇನೆ. ಒಂದು ಸ್ಕೂಲಿನ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಡ್ರೆಸ್ ಆರ್ಡರ್ ಬಂದಿತ್ತು. ಎಲ್ಲ ಹುಡುಗಿಯರಿಗೂ ಒಂದೇ ಪ್ಯಾಟರ್ನ್, “ಫಿಟ್ಟಿಂಗ್ ಟೈಟ್ ಇರಲಿ, ಟಿವಿಯಲ್ಲಿ ಬರುತ್ತಲ್ಲ ಹಾಗೆ” ಅಂದರು. ಅಳತೆ ತೆಗೆಯಲು ಹೋದರೆ ಮಕ್ಕಳು ಹೊಟ್ಟೆ ಒಳಗೆ ಎಳೆದು ನಿಂತಿದ್ದಾರೆ. “ಉಸಿರು ಬಿಡಮ್ಮಾ, ಇಲ್ಲದಿದ್ದರೆ ಅಳತೆ ತಪ್ಪುತ್ತೆ” ಅಂದರೆ, ಒಬ್ಬಳು “ಬೇಡ ಆಂಟಿ, ಇಷ್ಟೇ ಬರೆದುಕೊಳ್ಳಿ” ಅಂದಳು. ನಾನು ಅವಳು ಹೇಳಿದ್ದನ್ನು ಬರೆಯಲಿಲ್ಲ. ಎರಡಿಂಚು ಸೇರಿಸಿಯೇ ಹೊಲಿದೆ. ಡ್ರೆಸ್ ಎಲ್ಲರಿಗೂ ಸರಿಯಾಗಿ ಕೂತಿತು. ಅದಾದರೂ ದಪ್ಪಗಿದ್ದ ಇಬ್ಬರನ್ನು ಹಿಂದಿನ ಸಾಲಿಗೆ ಹಾಕಿದರು ಅಂತ ಆಮೇಲೆ ಮಗಳು ಹೇಳಿದಳು.

ಚಿಕ್ಕಬಳ್ಳಾಪುರದ ಮಗೂ, ನೀನು ಬರೆದ ಲಾರಿ ಬೋರ್ಡಿನ ವಿಷಯ ಮಗಳಿಗೆ ಓದಿ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು! “ಅದು ಬೇರೆ ಫ್ಯಾನ್ಸ್ ಅಮ್ಮಾ, ನಾವಲ್ಲ” ಅಂದಳು. ಈ ನಾವು ಯಾರು ಅಂತ ಕೇಳಿದೆ. ತಲೆ ಎತ್ತದೆ ಮೊಬೈಲ್ ನೋಡುತ್ತಿದ್ದಳು, ಯಾವುದೋ ಗುಂಪಿಗೆ ಓಟು ಹಾಕುತ್ತಿದ್ದಳು.

‘ದ ಕೂ’ ನೋಡಬೇಕು ಅಂತ ಇದೆ. ಮಕ್ಕಳಿಗೆ ತೋರಿಸುವ ಹಾಗಿದೆಯಾ?

ಕೀಬೋರ್ಡ್ ಅಣ್ಣ, ಎಸ್.ಎಸ್. ಪುರಂ, ತುಮಕೂರು

ಕೋಲಾರದ ತಮ್ಮನಿಗೆ: ಠೇವಣಿ ಯಾರೂ ಇಟ್ಟಿರಲಿಲ್ಲ. ಅನುಮತಿ ಅನ್ನುವ ಮಾತನ್ನೂ ಕೇಳಿರಲಿಲ್ಲ. ನೀವು ಹೇಳಿದ ನಿಯಮ ನಮ್ಮ ಆರ್ಕೆಸ್ಟ್ರಾದವರ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ. ಅರ್ಧ ಜನ ಕೈ ಮುಗಿದ ಚಿತ್ರ ಹಾಕಿದರು, ಇಬ್ಬರು ಗುಂಪು ಬಿಟ್ಟು ಹೋದರು. ಆದರೂ ಒಂದು ಮಾತು. ಆ ಅಪ್ಪನ ಕೈಗೆ ನಿಮ್ಮ ಕಾನೂನು ಕೊಟ್ಟಿದ್ದರೆ ಅವರು ಓದಿ, ಮಡಿಸಿ ಜೇಬಿಗೆ ಇಟ್ಟುಕೊಂಡು, ಪಾವಗಡದ ಬಸ್ ಹತ್ತುತ್ತಿದ್ದರು. ಕೆಲಸ ಬಿಟ್ಟಾಗಿತ್ತಲ್ಲ.

ಸೆಕೆಂಡ್ ಶಿಫ್ಟ್, ಕೋಲಾರ

ಅಣ್ಣಾ, ಅದಕ್ಕೇ ಕಾನೂನನ್ನು ಅಪ್ಪನ ಕೈಗಲ್ಲ, ಪೆಂಡಾಲ್ ಹಾಕುವವರ ಕೈಗೆ ಕೊಡಬೇಕು ಅನ್ನೋದು. ಗುಂಪು ಬಿಟ್ಟ ಇಬ್ಬರು ಯಾರು ಅಂತ ನೋಡಿಟ್ಟುಕೊಳ್ಳಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಆಂಟಿ, ‘ದ ಕೂ’ ಮಗಳ ಜೊತೆ ನೋಡಬಹುದು, ಆದರೆ ಮೊದಲು ಒಂದೆರಡು ಕಂತು ನೀವೊಬ್ಬರೇ ನೋಡಿಬಿಡಿ. ಅವಮಾನದ ದೃಶ್ಯಗಳು ಸ್ವಲ್ಪ ಗಟ್ಟಿಯಾಗಿವೆ. ಕಥೆ ನಿಧಾನ, ‘ಲವ್ಲಿ ರನ್ನರ್’ ರುಚಿ ಹತ್ತಿದವಳಿಗೆ ಮೊದಲು ಬೋರ್ ಆಗುತ್ತದೆ. ಲೀಡರ್ ಹುಡುಗಿಯ ನಿಜವಾದ ಕಥೆ, ಆ ವೀಡಿಯೊ ವಿಷಯ, ಮೊದಲೇ ಹೇಳಿಬಿಡಿ, ಆಗ ಎದ್ದು ಹೋಗಲ್ಲ.

ಅದಾದ ಮೇಲೆ 2019ರ ‘ಹರ್ ಪ್ರೈವೇಟ್ ಲೈಫ್’ ಹಾಕಿ. ಅದರಲ್ಲಿ ನಾಯಕಿಯೇ ಅಭಿಮಾನಿ, ಹಗಲು ಮ್ಯೂಸಿಯಂ ಕೆಲಸ, ಬಿಡುವಿದ್ದಾಗಲೆಲ್ಲ ದೊಡ್ಡ ಕ್ಯಾಮೆರಾ ಹಿಡಿದು ಐಡಲ್ ಹಿಂದೆ ಓಡಾಟ. ತುಂಬಾ ನಗು ಬರುತ್ತದೆ, ನನಗೆ ಪ್ರಾಣ. ಆದರೆ ಏರ್‌ಪೋರ್ಟ್ ದೃಶ್ಯ ಬಂದಾಗ ಕ್ಯಾಮೆರಾ ಹಿಡಿದವಳನ್ನು ಬಿಟ್ಟು, ಆ ಕಡೆ ನಡೆದು ಹೋಗುವ ಹುಡುಗನನ್ನು ನೋಡು ಅಂತ ಮಗಳಿಗೆ ಹೇಳಿ. ಓಟು ಹಾಕುವುದನ್ನು ನಿಲ್ಲಿಸು ಅಂತ ಹೇಳಬೇಡಿ, ನಿಲ್ಲಿಸಲ್ಲ. ನಾನೂ ನಿಲ್ಲಿಸಿಲ್ಲ.

ಶಿರಾಗೇಟ್ ಟೈಲರ್, ತುಮಕೂರು

ಆಗಲಿ. ಅವಳ ಪರೀಕ್ಷೆ ಮುಗಿಯಲಿ, ಆಮೇಲೆ ಶುರು ಮಾಡುತ್ತೇವೆ. ಅಷ್ಟರಲ್ಲಿ ನನ್ನ ಮದುವೆ ಸೀಸನ್ ಬ್ಲೌಸ್‌ಗಳೂ ಮುಗಿಯಬೇಕು. ನೋಡಿದ ಮೇಲೆ ಇಲ್ಲೇ ಬರೆಯುತ್ತೇನೆ. ಶಿಫ್ಟ್ ತಮ್ಮನೂ ಬಸ್ಸಿನಲ್ಲಿ ನೋಡಲಿ, ಆಮೇಲೆ ಜಗಳ ಮುಂದುವರಿಸೋಣ.